‘ಎರಡು ಟನ್ ತಾನೇ’ ಅನ್ನುವ ಮೊದಲು

ಮಾನ್ಯ ಸಂಪಾದಕರೇ,

ನಮ್ಮ ಮನೆ ಎದುರಿಗೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಕಳೆದ ವಾರ ಬೆಳಿಗ್ಗೆ ಹಾಲು ತರಲು ಹೊರಟಾಗ ಹೈಡ್ರಾ ಕ್ರೇನೊಂದು ಕಬ್ಬಿಣದ ಕಟ್ಟು ನೇತುಹಾಕಿಕೊಂಡು ರಸ್ತೆ ದಾಟುತ್ತಿತ್ತು. ಕಟ್ಟು ಓಲಾಡದಿರಲಿ ಅಂತ ಹವಾಯಿ ಚಪ್ಪಲಿಯ ಹುಡುಗನೊಬ್ಬ ಅದನ್ನು ಎರಡೂ ಕೈಯಲ್ಲಿ ಹಿಡಿದು ಕ್ರೇನಿನ ಮುಂದೆಯೇ ಹಿಮ್ಮುಖವಾಗಿ ನಡೆಯುತ್ತಿದ್ದ. ಆ ಕಡೆಯಿಂದ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಿದೆ. ‘ಒಂದೂವರೆ ಟನ್ ಅಂಕಲ್, ಸಣ್ಣ ಲಿಫ್ಟು’ ಅಂದರು.

ಲಿಫ್ಟು ಅಂದರೆ ಇಲ್ಲಿ ಕ್ರೇನಿನಿಂದ ಭಾರ ಎತ್ತುವ ಕೆಲಸ. ಈ ‘ಸಣ್ಣ ಲಿಫ್ಟು’ ಅನ್ನೋ ಮಾತಿನ ಬಗ್ಗೆಯೇ ಈ ಪತ್ರ. ನಾನು 31 ವರ್ಷ ರಿಗ್ಗಿಂಗ್, ಅಂದರೆ ಭಾರದ ವಸ್ತುಗಳನ್ನು ಕಟ್ಟಿ ಎತ್ತಿಸುವ ಕೆಲಸ ಮಾಡಿದವನು. ಖಲಾಸಿಯಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದೆ. ಮಧ್ಯೆ 6 ವರ್ಷ ಸಿಂಗಪುರದಲ್ಲಿದ್ದೆ.

ನಾನು ದುಡಿದ ನಮ್ಮ ಕಡೆಯ ಬಹಳಷ್ಟು ಸೈಟುಗಳಲ್ಲಿ ಲಿಫ್ಟುಗಳನ್ನು ವಿಂಗಡಿಸಲು ಒಂದೇ ಅಳತೆ. ತೂಕ. 5 ಟನ್ ಒಳಗಿದ್ದರೆ ರೊಟೀನ್, ಸುಮ್ನೆ ಎತ್ತಿಬಿಡಿ. ಮೇಲಿದ್ದರೆ ಕ್ರಿಟಿಕಲ್, ಪರ್ಮಿಟ್ ಬರೆಸಿ, ಎಂಜಿನಿಯರನ್ನು ಕರೆಯಿರಿ. ಕೇಳಲು ಸರಿಯಾಗಿಯೇ ಇದೆ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಸುಮಾರು ಹತ್ತು ವರ್ಷದ ಹಿಂದೆ ಒಂದು ಕಟ್ಟಡದ ತಾರಸಿಗೆ ಎಸಿಯ ಕೂಲಿಂಗ್ ಟವರ್ ಏರಿಸಬೇಕಿತ್ತು. ತೂಕ 2.8 ಟನ್. ಬಂದ ಕ್ರೇನು 80 ಟನ್ನಿನದು. 80ರ ಮುಂದೆ ಎರಡೂಮುಕ್ಕಾಲು ಯಾವ ಲೆಕ್ಕ! ರೊಟೀನ್ ಅಂತ ಬರೆದು ನಾನೇ ಸಹಿ ಹಾಕಿದೆ. ಕ್ರೇನಿನ ನಡುವಿನಿಂದ ಲೋಡಿಗೆ 22 ಮೀಟರ್ ದೂರ ಅಂತ ಹಿಂದಿನ ದಿನ ಅಳೆದಿದ್ದೆವು. ದೂರ ಹೆಚ್ಚಿದಷ್ಟೂ ಕ್ರೇನು ಎತ್ತುವ ಭಾರ ಕಮ್ಮಿಯಾಗುತ್ತದೆ. ಎಷ್ಟು ದೂರಕ್ಕೆ ಎಷ್ಟು ಅಂತ ಹೇಳುವ ಪಟ್ಟಿಯೇ ಲೋಡ್ ಚಾರ್ಟ್. ಅದರ ಪ್ರಕಾರ ಆ ದೂರದಲ್ಲಿ 6 ಟನ್ ಎತ್ತಬಹುದಿತ್ತು. ಬೆಳಿಗ್ಗೆ ನೋಡಿದರೆ ನಾವು ಗುರುತು ಮಾಡಿದ ಜಾಗದಲ್ಲಿ ಕಾಂಕ್ರೀಟ್ ಲಾರಿ ಕೆಟ್ಟು ನಿಂತಿತ್ತು. ‘ಸ್ವಲ್ಪ ಹಿಂದೆ ನಿಲ್ಲಿಸಿ’ ಅಂದರು. ನಿಲ್ಲಿಸಿದೆವು.

ಆ ಸ್ವಲ್ಪ ಅಂದರೆ 6 ಮೀಟರ್. 28 ಮೀಟರಿನಲ್ಲಿ ಚಾರ್ಟ್ ಹೇಳುತ್ತಿದ್ದದ್ದು 4 ಟನ್ ಮಾತ್ರ. ಹುಕ್ಕು, ಸ್ಲಿಂಗು (ಲೋಡನ್ನು ಹುಕ್ಕಿಗೆ ನೇತುಹಾಕುವ ಹಗ್ಗ), ಶ್ಯಾಕಲ್ (ಜೋಡಿಸುವ ಕಬ್ಬಿಣದ ಕೊಂಡಿ) ಎಲ್ಲ ಸೇರಿಸಿದರೆ ನಮ್ಮ ಲೋಡು 3.5 ಟನ್. ಮೊದಲ ಜಾಗದಲ್ಲಿ ಕ್ರೇನಿನ ಶಕ್ತಿಯ ಶೇ 58ರಷ್ಟು ಆಗುತ್ತಿದ್ದದ್ದು ಹೊಸ ಜಾಗದಲ್ಲಿ ಶೇ 87 ದಾಟಿತ್ತು. ಅದೇ ಕ್ರೇನು, ಅದೇ ಲೋಡು. ಈ ಲೆಕ್ಕ ನಾನು ಮಾಡಿದ್ದು ಆ ದಿನ ರಾತ್ರಿ, ಮನೆಯಲ್ಲಿ ಕೂತು. ಬೆಳಿಗ್ಗೆ ಮಾಡಿರಲಿಲ್ಲ. ಅದೂ ಸಾಲದು ಅಂತ ಕ್ರೇನು ವಾಲದಂತೆ ಪಕ್ಕಕ್ಕೆ ಚಾಚಿ ಊರುವ ಔಟ್‌ರಿಗರ್ ಕಾಲುಗಳಲ್ಲಿ ಒಂದು ನಿಂತಿದ್ದದ್ದು ಮುಚ್ಚಿದ ಹಳೇ ಸಂಪಿನ ಮೇಲೆ. ಲೋಡು ಗಾಳಿಯಲ್ಲಿದ್ದಾಗ ಅದು ಒಂದು ಗೇಣು ಕುಸಿಯಿತು. ಆಪರೇಟರ್ ಹಳಬರು. ಬಾಯಿ ಮಾಡದೆ ನಿಧಾನವಾಗಿ ಲೋಡನ್ನು ನೆಲಕ್ಕಿಳಿಸಿದರು. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಸಂಜೆವರೆಗೂ ಊಟ ಸೇರಲಿಲ್ಲ.

ಅಮೆರಿಕದಲ್ಲಿ ಉಕ್ಕಿನ ಕಟ್ಟಡ ನಿಲ್ಲಿಸುವವರ ಸುರಕ್ಷತಾ ನಿಯಮದಲ್ಲಿ ಕ್ರಿಟಿಕಲ್ ಲಿಫ್ಟ್ ಅಂದರೆ ಎರಡೇ ಮಾತು. ಕ್ರೇನಿನ ಶಕ್ತಿಯ ಶೇ 75 ದಾಟಿದರೆ, ಇಲ್ಲವೇ ಒಂದಕ್ಕಿಂತ ಜಾಸ್ತಿ ಕ್ರೇನು ಬೇಕಾದರೆ. ಟನ್ನಿನ ಮಾತೇ ಇಲ್ಲ ನೋಡಿ. ಕ್ರೇನು ಬಳಕೆಗಿರುವ ಬ್ರಿಟನ್ನಿನ ಬಿಎಸ್ 7121 ಸಂಹಿತೆಯಲ್ಲಿ ಸರಳ, ಮಧ್ಯಮ, ಕ್ಲಿಷ್ಟ ಅಂತ ಮೂರು ದರ್ಜೆ. ಅಲ್ಲಿ ಲೋಡಿನ ಜೊತೆಗೆ ಸುತ್ತಲಿನ ಜಾಗವನ್ನೂ ನೋಡುತ್ತಾರೆ. ಸಿಂಗಪುರದಲ್ಲಿ 2011ರಿಂದ ಲಿಫ್ಟಿಂಗ್ ಪ್ಲಾನ್ ಇಲ್ಲದೆ ಕ್ರೇನು ಲೋಡು ಎತ್ತುವ ಹಾಗಿಲ್ಲ, ಲೋಡು ಎಷ್ಟೇ ಹಗುರ ಇರಲಿ.

ತೂಕವೊಂದನ್ನೇ ನೋಡುವವರಿಗೆ ಗಾಳಿಯೂ ಕಾಣುವುದಿಲ್ಲ. 1999ರ ಜುಲೈ 14ರಂದು ಅಮೆರಿಕದ ಮಿಲ್ವಾಕಿಯಲ್ಲಿ ‘ಬಿಗ್ ಬ್ಲೂ’ ಅನ್ನುವ ದೈತ್ಯ ಕ್ರೇನು ಸ್ಟೇಡಿಯಮ್ಮಿನ ಚಾವಣಿಯ 400 ಟನ್ನಿಗೂ ಮೀರಿದ ತುಂಡನ್ನು ಎತ್ತುವಾಗ ಮುರಿದುಬಿತ್ತು. ಇನ್ನೊಂದು ಕ್ರೇನಿನ ಬುಟ್ಟಿಯಲ್ಲಿ ನಿಂತಿದ್ದ ಮೂವರು ಕೆಲಸಗಾರರು ಸತ್ತರು. ಅಷ್ಟಗಲದ ಚಾವಣಿಗೆ ಗಾಳಿ ಎಷ್ಟು ಬಡಿಯುತ್ತದೆ ಅನ್ನುವುದನ್ನು ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ನಮ್ಮಲ್ಲಿ ಅರ್ಧ ಟನ್ ತಗಡಿನ ಶೀಟನ್ನು ಆಷಾಢದ ಗಾಳಿಯಲ್ಲಿ ಎತ್ತಿ ನೋಡಿ, ಗೊತ್ತಾಗುತ್ತದೆ.

ಸ್ಲಿಂಗಿನದೂ ಒಂದು ಕಥೆ. ಎರಡು ಎಳೆಯ ಸ್ಲಿಂಗು ನೆಟ್ಟಗಿದ್ದರೆ ಒಂದೊಂದು ಎಳೆಗೆ ಅರ್ಧರ್ಧ ಭಾರ. ಅದೇ ಎಳೆಗಳು ಮಲಗಿ ನೆಲಕ್ಕೆ 30 ಡಿಗ್ರಿ ಕೋನಕ್ಕೆ ಬಂದರೆ ಒಂದೊಂದು ಎಳೆಯೂ ಇಡೀ ಲೋಡಿನಷ್ಟು ಎಳೆತ ತಾಳಬೇಕು. ಹೊಸ ಹುಡುಗರಿಗೆ ನಾನು ತುಂಬಿದ ಕೊಡವನ್ನು ಮೊದಲು ಮೈಗಂಟಿಸಿ, ಆಮೇಲೆ ಕೈ ಚಾಚಿ ಹಿಡಿಯಲು ಹೇಳುತ್ತಿದ್ದೆ. ಅದು ರೇಡಿಯಸ್ಸಿನ, ಅಂದರೆ ಕ್ರೇನಿನಿಂದ ಲೋಡಿಗಿರುವ ದೂರದ ಪಾಠ. ಸ್ಲಿಂಗಿಗೆ ಅಂಥ ಉಪಮೆ ಇನ್ನೂ ಸಿಕ್ಕಿಲ್ಲ.

ಮೆಟ್ರೊ ಗರ್ಡರ್ ಎತ್ತುವಾಗ ರಾತ್ರಿ ರಸ್ತೆ ಮುಚ್ಚುತ್ತಾರೆ, ಹತ್ತಾರು ಜನ ಟಾರ್ಚು ಹಿಡಿದು ನಿಲ್ಲುತ್ತಾರೆ. ಅದು ದೊಡ್ಡದು ಅಂತ ಎಲ್ಲರಿಗೂ ಗೊತ್ತು. ನನ್ನ ಚಿಂತೆ ಗಲ್ಲಿಯೊಳಗಿನ ಹೈಡ್ರಾಗಳದ್ದು. ಅವುಗಳ ಕೆಲಸಕ್ಕೆ ದರ್ಜೆಯೇ ಇಲ್ಲ. ನನ್ನ ಕೈಲಿದ್ದರೆ ಜನ ಓಡಾಡುವ ಜಾಗದ ಮೇಲೆ ಹೋಗುವ ಯಾವ ಲೋಡನ್ನೂ, ಅದು ಸಿಮೆಂಟ್ ಮೂಟೆಯೇ ಆಗಿರಲಿ, ರೊಟೀನ್ ಅಂತ ಬರೆಯಲು ಬಿಡುತ್ತಿರಲಿಲ್ಲ. ದರ್ಜೆಯನ್ನು ಹಿಂದಿನ ದಿನವೇ ಬರೆಯಬೇಕು. ಕ್ರೇನು ಒಂದು ಮೀಟರ್ ಜರುಗಿದರೂ ಹಳೇ ಕಾಗದ ಹರಿದು ಹೊಸದು ಬರೆಯಬೇಕು. ಆಪರೇಟರ್ ಬೇಡ ಅಂದರೆ ಬೇಡ. ಯಂತ್ರದ ಸರ್ಟಿಫಿಕೇಟನ್ನು ಗೇಟಿನಲ್ಲಿ ಕೇಳುವ ನಾವು ಆ ದಿನದ ಲಿಫ್ಟಿನ ಕಾಗದವನ್ನು ಯಾಕೆ ಕೇಳುವುದಿಲ್ಲ? ಪಕ್ಕದ ಮನೆಯವರೂ ಕೇಳಬಹುದು, ತಪ್ಪೇನಿಲ್ಲ.

ಸೂಪರ್‌ವೈಸರ್ ಹತ್ತಿರ ಇಷ್ಟೆಲ್ಲ ಹೇಳಲಿಲ್ಲ. ‘ಆ ಹುಡುಗನ ಕೈಗೆ ಒಂದು ಹಗ್ಗ ಕೊಟ್ಟು ದೂರ ನಿಲ್ಲಿಸಿ ಸ್ವಾಮಿ’ ಅಂದೆ ಅಷ್ಟೇ. ಮರುದಿನ ನೋಡಿದಾಗ ಲೋಡಿಗೆ ಹಗ್ಗ ಕಟ್ಟಿತ್ತು, ಹುಡುಗ ಪಕ್ಕದಲ್ಲಿ ನಾಲ್ಕು ಮಾರು ದೂರ ನಡೆಯುತ್ತಿದ್ದ. ಚಪ್ಪಲಿ ಮಾತ್ರ ಅದೇ ಇತ್ತು.

– ನಿವೃತ್ತ ರಿಗ್ಗಿಂಗ್ ಫೋರ್‌ಮನ್, ಬೆಂಗಳೂರು