ಭಾನುವಾರದ ಎಲೆ ಪರೀಕ್ಷೆಗೆ ಇವತ್ತೇ ತಯಾರಿ

ಎಲ್ಲರಿಗೂ ನಮಸ್ಕಾರ. ಗಿಡ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ ಅಂತ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಈ ಸಲ ಕಣ್ಣಾರೆ ನೋಡಲಿ.

ಕುಂಡದಲ್ಲಿ ದಾಸವಾಳ ಇರುವವರು ಇವತ್ತು, ಗುರುವಾರ ಸಂಜೆಯೇ, ಗಿಡವನ್ನು ಕತ್ತಲೆ ಕೋಣೆಯಲ್ಲಿಡಿ. ಎಲೆಯಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗಬೇಕು, ಇಲ್ಲದಿದ್ದರೆ ಪರೀಕ್ಷೆ ಕೆಡುತ್ತದೆ. ಭಾನುವಾರ ಬೆಳಿಗ್ಗೆ ಒಂದು ಎಲೆಯ ನಡುವೆ ಎರಡೂ ಬದಿಗೆ ಕಪ್ಪು ಕಾಗದದ ಪಟ್ಟಿ ಇಟ್ಟು ಕ್ಲಿಪ್ ಹಾಕಿ, ಗಿಡವನ್ನು ಬಿಸಿಲಿಗಿಡಿ. ಸಂಜೆ 4ಕ್ಕೆ ಎಲೆ ಕಿತ್ತು ತನ್ನಿ.

ಇಲ್ಲಿ ಅದನ್ನು ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕುತ್ತೇವೆ. ಪಿಷ್ಟ ಇದ್ದರೆ ಅಯೋಡಿನ್‌ಗೆ ಬಣ್ಣ ಬದಲಾಗುತ್ತದೆ, ಹಾಗಾಗಿ ಬಿಸಿಲು ಬಿದ್ದ ಭಾಗ ಕಪ್ಪು ನೀಲಿಯಾಗುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಸಕ್ಕರೆ ತಯಾರಾಗಿ, ಮಿಕ್ಕಿದ್ದು ಪಿಷ್ಟವಾಗಿದೆ. ಮುಚ್ಚಿದ ಪಟ್ಟಿ ಅಯೋಡಿನ್‌ನ ಕಂದು ಬಣ್ಣದಲ್ಲೇ ಉಳಿಯುತ್ತದೆ. ಆ ಗೆರೆ ಎಷ್ಟು ಚಂದ ಕಾಣುತ್ತದೆ ಗೊತ್ತಾ!

ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಬಿಸಿಲೇ ಇಲ್ಲದ ಕಡೆ ಆಹಾರ ಹೇಗೆ ತಯಾರಾಗುತ್ತದೆ ಅಂತ ಒಬ್ಬಳು ಕೇಳಿದ್ದಳು. ಒಳ್ಳೆ ಪ್ರಶ್ನೆ. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಸಮುದ್ರದ ತಳದಲ್ಲಿ ಬಿಸಿನೀರ ಬುಗ್ಗೆಗಳು ಸಿಕ್ಕವು. ಅಲ್ಲಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಆಹಾರ ಮಾಡಿಕೊಳ್ಳುತ್ತವೆ. ಭಾನುವಾರ ಇದರ ಚಿತ್ರಗಳನ್ನೂ ತೋರಿಸುತ್ತೇನೆ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.