ಆ ಮನೆಯ ಮಂದಿಯನ್ನು ಎಣಿಸುವ ಮುನ್ನ

ಚಿ. ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಅನೇಕ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ತಲುಪಿತು. ನಿನ್ನಪ್ಪ ನನ್ನಿಂದ ಅದನ್ನು ಎರಡು ಸಲ ಓದಿಸಿಕೊಂಡ. ಚಳಿಗೆ ಉಣ್ಣೆಯ ಬಟ್ಟೆ ಸಾಲದಿದ್ದರೆ ಸಂಕೋಚಪಡದೆ ತಿಳಿಸು.

ಇಂಗ್ಲೆಂಡಿನ ಹಳೆಯ ಸಂಸಾರಗಳ ಕುರಿತು ಪ್ರಬಂಧ ಬರೆಯಲು ಹೊರಟಿರುವ ನೀನು ಕಾಗದದ ಕೊನೆಯಲ್ಲಿ ಒಂದು ಮಾತು ಕೇಳಿದ್ದೀಯೆ: ‘ಹನ್ನೆರಡು ಹದಿಮೂರು ತುಂಬುವಷ್ಟರಲ್ಲಿ ಹೆತ್ತ ಮಕ್ಕಳನ್ನು ಕಂಡವರ ಮನೆಯ ಚಾಕರಿಗೆ ಕಳುಹಿಸುತ್ತಿದ್ದ ಈ ಜನಕ್ಕೆ ಮಮತೆ ಎಂಬುದೇ ಇರಲಿಲ್ಲವೇನೋ, ಅತ್ತೆ?’ ಅಂದಿನಿಂದ ಈ ಮಾತು ನನ್ನ ಮನಸ್ಸಿನಲ್ಲೇ ಕುಳಿತಿದೆ. ಬಹಳ ವರ್ಷ ಇತಿಹಾಸದ ಪಾಠ ಹೇಳಿದವಳೆಂಬುದಕ್ಕಿಂತ ಹೆಚ್ಚಾಗಿ ನಿನ್ನನ್ನು ಎತ್ತಿ ಆಡಿಸಿದವಳೆಂಬ ಸಲುಗೆಯಿಂದ, ಆ ಪ್ರಶ್ನೆ ಪ್ರಬಂಧದಲ್ಲಿ ತೀರ್ಮಾನವಾಗಿ ಮಾರ್ಪಡುವ ಮೊದಲು ನಿನ್ನನ್ನು ಸ್ವಲ್ಪ ತಡೆದು ನಿಲ್ಲಿಸಬೇಕೆನಿಸಿದೆ.

ಮೊದಲು ‘ಫ್ಯಾಮಿಲಿ’ ಎಂಬ ಪದವನ್ನೇ ನೋಡು. ಅದು ಹುಟ್ಟಿದ್ದು ಸೇವಕ ಎಂಬ ಅರ್ಥದ ‘ಫಮುಲುಸ್’ ಎಂಬ ಲ್ಯಾಟಿನ್ ಪದದಿಂದ. 1660ರ ಜನವರಿಯಲ್ಲಿ ದಿನಚರಿ ಬರೆಯಲು ಆರಂಭಿಸಿದ ಸ್ಯಾಮ್ಯುಯೆಲ್ ಪೀಪ್ಸ್, ತಾನು ಆಕ್ಸ್ ಯಾರ್ಡಿನಲ್ಲಿ ವಾಸವಾಗಿರುವುದಾಗಿಯೂ, ಹೆಂಡತಿ ಮತ್ತು ಕೆಲಸದ ಜೇನ್ ಸೇರಿ ತನ್ನ ಫ್ಯಾಮಿಲಿಯಲ್ಲಿ ಇರುವವರು ಮೂವರೇ ಎಂದೂ ಬರೆದುಕೊಂಡಿದ್ದಾನೆ. ಅಲ್ಲಿ ರಕ್ತಸಂಬಂಧದ ಲೆಕ್ಕವಿಲ್ಲ. ಒಂದೇ ಸೂರಿನಡಿ, ಒಬ್ಬ ಯಜಮಾನನ ಕೆಳಗೆ ಉಂಡು ಮಲಗುವವರೆಲ್ಲ ಆ ಪದದೊಳಗೆ ಸೇರುತ್ತಾರೆ. ನಿನ್ನ ಮುತ್ತಜ್ಜ ‘ನಮ್ಮ ಸಂಸಾರಕ್ಕೆ ಮೈಯಲ್ಲಿ ಹುಷಾರಿಲ್ಲ’ ಎಂದರೆ ಮುತ್ತಜ್ಜಿಗೆ ಜ್ವರ ಬಂದಿದೆ ಎಂದೇ ನಾವು ತಿಳಿಯುತ್ತಿದ್ದೆವು. ನಮ್ಮ ಪದವೇ ಎರಡು ತಲೆಮಾರಿನಲ್ಲಿ ಇಷ್ಟು ಸರಿದಿರುವಾಗ, ಮುನ್ನೂರೈವತ್ತು ವರ್ಷದ ಹಿಂದಿನ ಪದವನ್ನು ಇಂದಿನ ಅರ್ಥದಲ್ಲಿ ಓದುವುದು ಸರಿಯಲ್ಲ.

ಇನ್ನು ಚಾಕರಿಯ ವಿಷಯ. ಆ ಕಾಲದ ಇಂಗ್ಲೆಂಡಿನಲ್ಲಿ 15ರಿಂದ 24ರ ವಯಸ್ಸಿನ ಜನರಲ್ಲಿ ಸುಮಾರು ಶೇಕಡಾ 60 ಮಂದಿ ಬೇರೊಬ್ಬರ ಮನೆಯಲ್ಲೋ ಹೊಲದಲ್ಲೋ ಆಳಾಗಿದ್ದರೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಷ್ಟೊಂದು ಮಂದಿ ಮಾಡಿದ ಕೆಲಸವನ್ನು ದೌರ್ಭಾಗ್ಯವೆಂದಾಗಲಿ, ತಂದೆತಾಯಿಯ ಕಠಿಣ ಮನಸ್ಸೆಂದಾಗಲಿ ವಿವರಿಸಲಾಗದು. ಅದು ಬಾಲ್ಯಕ್ಕೂ ಮದುವೆಗೂ ನಡುವೆ ಬಹುಪಾಲು ಮಂದಿ ದಾಟುತ್ತಿದ್ದ ಒಂದು ಘಟ್ಟವಾಗಿತ್ತು. ದಕ್ಷಿಣದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 29ರ ಮೈಕೇಲ್ಮಸ್ ಹಬ್ಬಕ್ಕೆ, ಉತ್ತರದಲ್ಲಿ ನವೆಂಬರ್ 11ರ ಮಾರ್ಟಿನ್ಮಸ್ ಹಬ್ಬಕ್ಕೆ ವರ್ಷದ ಕರಾರು ಮುಗಿಯುತ್ತಿತ್ತು. ಸಂಬಳ ಕೈಗೆ ಪಡೆದು, ಹೊಸ ಯಜಮಾನನನ್ನು ಹುಡುಕಿಕೊಂಡು ಹುಡುಗ ಹುಡುಗಿಯರು ಮುಂದಿನ ಊರಿಗೆ ನಡೆಯುತ್ತಿದ್ದರು. ನಾಟಿಂಗ್‌ಹ್ಯಾಮ್‌ಶೈರಿನ ಕ್ಲೇವರ್ತ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಸ್ಯಾಂಪ್ಸನ್ 1676ರಲ್ಲಿಯೂ 1688ರಲ್ಲಿಯೂ ತನ್ನ ಊರಿನ ಜನರನ್ನು ಮನೆಮನೆಯಾಗಿ ಬರೆದಿಟ್ಟ. ಮೊದಲ ಪಟ್ಟಿಯಲ್ಲಿ 401 ಜನ, ಎರಡನೆಯದರಲ್ಲಿ 412. ಸಂಖ್ಯೆ ನೋಡಿದರೆ ಊರು ಕದಲದೆ ನಿಂತಂತೆ ಕಾಣುತ್ತದೆ. ಹೆಸರು ಹಿಡಿದು ಹುಡುಕಿದರೆ ಮೊದಲ ಪಟ್ಟಿಯವರಲ್ಲಿ ಸುಮಾರು ಶೇಕಡಾ 60 ಮಂದಿ ಹನ್ನೆರಡೇ ವರ್ಷದಲ್ಲಿ ಸತ್ತೋ ಊರು ಬಿಟ್ಟೋ ಮಾಯವಾಗಿದ್ದಾರೆ. ತಲತಲಾಂತರದಿಂದ ಒಂದೇ ಮನೆಯಲ್ಲಿ ಬೇರು ಬಿಟ್ಟ ಹಳ್ಳಿಯ ಕುಟುಂಬ ಎಂಬ ಚಿತ್ರವೊಂದು ನಿನ್ನ ತಲೆಯಲ್ಲಿದ್ದರೆ, ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಮಧ್ಯಾಹ್ನ ಕುಳಿತುಕೊ.

ಕಾನೂನಿನ ಪುಸ್ತಕವನ್ನು ಮಾತ್ರ ನಂಬಬೇಡ. ಅಲ್ಲಿನ ಕಾನೂನು 1929ರವರೆಗೂ ಹೆಣ್ಣಿಗೆ 12, ಗಂಡಿಗೆ 14 ತುಂಬಿದರೆ ಮದುವೆಗೆ ಸಮ್ಮತಿಸುತ್ತಿತ್ತು. (ನಮ್ಮಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ ಆದದ್ದೂ ಅದೇ ವರ್ಷ ಎಂಬುದನ್ನು ಮರೆಯಬೇಡ.) ಆದರೆ 17ನೆಯ ಶತಮಾನದ ಸಾಮಾನ್ಯ ಹೆಣ್ಣುಮಗಳ ಮೊದಲ ಮದುವೆ ಆಗುತ್ತಿದ್ದುದು ಸರಾಸರಿ 26ರ ಸುಮಾರಿಗೆ. ಮದುವೆ ಎಂದರೆ ಬೇರೆ ಒಲೆ ಹೂಡುವುದು ಎಂದಿದ್ದುದರಿಂದ, ಅದಕ್ಕೆ ಬೇಕಾದ ಹಾಸಿಗೆ, ಪಾತ್ರೆ, ನಾಲ್ಕು ಕಾಸು ಕೂಡುವವರೆಗೆ ಇಬ್ಬರೂ ದುಡಿದು ಕಾಯುತ್ತಿದ್ದರು. ಇದು ತಿಳಿದದ್ದು ಕಾನೂನಿನಿಂದಲ್ಲ; 1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್ಷಿನಲ್ಲೂ, ಎಂದರೆ ಒಂದೊಂದು ಚರ್ಚಿಗೆ ಸೇರಿದ ಊರಿನಲ್ಲೂ, ಬರೆದಿಡತೊಡಗಿದ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ದಾಖಲೆಗಳನ್ನು ಹೆಸರಿಗೆ ಹೆಸರು ಜೋಡಿಸಿ ನೋಡಿದ ತಾಳ್ಮೆಯಿಂದ.

ಈಗ ಮಮತೆಯ ಮಾತಿಗೆ ಬರುತ್ತೇನೆ. ಎಸೆಕ್ಸಿನ ಅರ್ಲ್ಸ್ ಕೋಲ್ನ್ ಎಂಬಲ್ಲಿ ಪಾದ್ರಿಯಾಗಿದ್ದ ರಾಲ್ಫ್ ಜಾಸೆಲಿನ್ ಕೂಡ ತನ್ನ ಮಕ್ಕಳನ್ನು ಬೆಳೆಯುತ್ತಿದ್ದಂತೆ ಚಾಕರಿಗೂ ಕಸುಬು ಕಲಿಯಲೂ ಹೊರಗೆ ಕಳುಹಿಸಿದವನೇ. ಅವನ ಮಗಳು ಮೇರಿ 1650ರ ಮೇ ತಿಂಗಳಲ್ಲಿ, ಎಂಟು ವರ್ಷದವಳಿದ್ದಾಗ, ತೀರಿಕೊಂಡಳು. ಅವಳು ರಕ್ತಬೋಳವೆಂಬ ಸುಗಂಧದ್ರವ್ಯದ ಗಂಟಿನಂತಿದ್ದಳು, ಮಾಧುರ್ಯದ ಗಂಟಿನಂತಿದ್ದಳು, ಹತ್ತು ಸಾವಿರಕ್ಕೊಬ್ಬಳೆಂಬ ಮಗುವಾಗಿದ್ದಳು ಎಂದು ಅವನು ಬರೆದುಕೊಂಡ ಸಾಲುಗಳನ್ನು ಓದಿದ ಮೇಲೂ ನಿನ್ನ ಪ್ರಶ್ನೆಯನ್ನು ಅದೇ ರೂಪದಲ್ಲಿ ಕೇಳಲು ನಿನಗೆ ಮನಸ್ಸು ಬರಲಾರದು.

ಆದರೆ ಎಲ್ಲರೂ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ, ಪುಟ್ಟಿ. ಅದಕ್ಕೇ ಪ್ಯಾಸ್ಟನ್ ಮನೆತನದ ಕಾಗದಗಳನ್ನು ನಿಧಾನವಾಗಿ ಓದು ಎನ್ನುತ್ತೇನೆ. ನಾರ್ಫೋಕ್‌ನ ಆ ಜಮೀನ್ದಾರ ಮನೆಯ ಮಗಳು ಮಾರ್ಜರಿ, ಮನೆಯ ಪಾರುಪತ್ಯಗಾರನಾಗಿದ್ದ ರಿಚರ್ಡ್ ಕ್ಯಾಲ್ ಎಂಬವನಿಗೆ ಗುಟ್ಟಾಗಿ ಮಾತು ಕೊಟ್ಟಿದ್ದಳು. ಸಾಕ್ಷಿಯಿಲ್ಲದೆ ಇಬ್ಬರೇ ಆಡಿಕೊಂಡ ಮಾತೂ ಆಗಿನ ಚರ್ಚಿನ ಕಾನೂನಿನಲ್ಲಿ ಮದುವೆಯೇ. ತನ್ನ ತಂಗಿ ಫ್ರಾಮ್ಲಿಂಗ್‌ಹ್ಯಾಮಿನಲ್ಲಿ ಮೇಣದಬತ್ತಿಯನ್ನೂ ಸಾಸಿವೆಯನ್ನೂ ಮಾರುತ್ತ ಕೂರುವುದಕ್ಕೆ ತಾನು ಎಂದಿಗೂ ಒಪ್ಪುವುದಿಲ್ಲವೆಂದು ಅಣ್ಣನೊಬ್ಬ ಬರೆದ. 1469ರಲ್ಲಿ ನಾರ್ವಿಚ್ಚಿನ ಬಿಷಪ್ ಅವಳನ್ನು ಕರೆಸಿ, ಆಡಿದ ಮಾತುಗಳೇನೆಂದು ವಿಚಾರಿಸಿದಾಗ, ಆ ಮಾತುಗಳು ಮದುವೆಯನ್ನು ಗಟ್ಟಿ ಮಾಡಲು ಸಾಲದಿದ್ದರೆ ಇಲ್ಲಿಂದ ಹೊರಡುವ ಮುನ್ನ ಇನ್ನಷ್ಟು ಗಟ್ಟಿ ಮಾಡಿಯೇ ಹೋಗುತ್ತೇನೆಂದಳು ಆ ಹುಡುಗಿ. ತಾಯಿ ಮಾರ್ಗರೆಟ್ ಅವಳನ್ನು ಹೊಸಿಲು ದಾಟಿಸಕೂಡದೆಂದು ಮನೆಯ ಆಳುಗಳಿಗೆ ಅಪ್ಪಣೆ ಮಾಡಿದಳು. ಹಿರಿಯ ಮಗನಿಗೆ ಬರೆದ ಕಾಗದದಲ್ಲಿ, ನಾವು ಕಳೆದುಕೊಂಡದ್ದು ಕೆಲಸಕ್ಕೆ ಬಾರದವಳೊಬ್ಬಳನ್ನಷ್ಟೇ ಎಂದಳು. ಆ ಗಂಡಸು ಈ ಗಳಿಗೆಯಲ್ಲೇ ಸತ್ತರೂ ಅವಳು ನನ್ನ ಹೃದಯದಲ್ಲಿ ಮುಂಚೆ ಇದ್ದಂತೆ ಇನ್ನು ಇರಲಾರಳು ಎಂದೂ ಬರೆದಳು.

ಈ ಕಾಗದವೊಂದನ್ನೇ ಓದಿ ಎದ್ದುಬಂದವರು ಆ ತಾಯಿಯನ್ನು ಕಲ್ಲೆದೆಯವಳೆಂದೇ ಬರೆಯುತ್ತಾರೆ. ‘ಮುಂಚೆ ಇದ್ದಂತೆ’ ಎಂಬ ಮಾತು ಅವರ ಕಣ್ಣಿಗೆ ಬೀಳುವುದಿಲ್ಲ. ಅವಳ ಉಯಿಲನ್ನಂತೂ ಅವರು ತೆರೆದೇ ನೋಡಿರುವುದಿಲ್ಲ. 1482ರಲ್ಲಿ ಬರೆಸಿದ ಆ ಉಯಿಲಿನಲ್ಲಿ, ತನ್ನ ಮಗಳು ಮಾರ್ಜರಿಯ ಮಗನಾದ ಜಾನ್ ಕ್ಯಾಲ್‌ನಿಗೆ 24 ವರ್ಷ ತುಂಬಿದಾಗ 20 ಪೌಂಡು ಕೊಡತಕ್ಕದ್ದು ಎಂದಿದೆ. ಬಾಗಿಲು ಮುಚ್ಚಿಸಿದ ಹದಿಮೂರು ವರ್ಷಗಳ ನಂತರ ‘ನನ್ನ ಮಗಳು’ ಎಂದು ಬರೆಸುವಾಗ ಆ ಮುದುಕಿಯ ಮನಸ್ಸಿನಲ್ಲಿ ಏನು ನಡೆಯಿತೋ ನಾನು ಹೇಳಲಾರೆ, ನೀನೂ ಹೇಳಬಾರದು. ಆದರೆ ಸಿಟ್ಟಿನ ಕಾಗದದ ಪಕ್ಕದಲ್ಲಿ ಉಯಿಲನ್ನು ಇಡುವುದು ನಿನ್ನ ಕರ್ತವ್ಯ.

ಕಾಗದ ಬರೆಯಲು ಬಾರದ ಬಡವರ ಮಾತು ಬಂದಾಗ ಲಂಡನ್ನಿಗೆ ಹೋಗು. ಥಾಮಸ್ ಕೋರಮ್‌ನ ಪ್ರಯತ್ನದಿಂದ 1739ರಲ್ಲಿ ಅರಸನ ಸನ್ನದು ಪಡೆದ ಫೌಂಡ್ಲಿಂಗ್ ಆಸ್ಪತ್ರೆಯಲ್ಲಿ (ಹೆಸರು ಆಸ್ಪತ್ರೆ, ಆದರೆ ಅದು ತೊರೆದ ಕೂಸುಗಳನ್ನು ಸಾಕುವ ಆಶ್ರಮ), ಸಾಕಲಾರದೆ ಕೂಸನ್ನು ಒಪ್ಪಿಸಿದ ತಾಯಂದಿರು ಗುರುತಿಗೆಂದು ಬಿಟ್ಟುಹೋದ ರಿಬ್ಬನ್ನು, ಬಟ್ಟೆಯ ಚೂರುಗಳು ಉಳಿದಿವೆ. 1767ರಲ್ಲಿ ಸಾರಾ ಬೆಂಡರ್ ಎಂಬವಳು, ನಾನಾ ಬಗೆಯ ಅರಿವೆಗಳನ್ನು ಕೂಡಿಸಿ ಹೊಲಿದು, ಕೆಂಪು ದಾರದಲ್ಲಿ ಹೃದಯದ ಕಸೂತಿ ಹಾಕಿದ್ದ ತುಂಡೊಂದನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಮಗುವಿನೊಂದಿಗೆ ಬಿಟ್ಟಳು. 1775ರಲ್ಲಿ ಅವಳು ಮಗನನ್ನು ಬಿಡಿಸಿಕೊಂಡು ಹೋದಳು. ಹಾಗೆ ಮರಳಿ ಬರಲಾದವರು ಬಹಳ ಕಡಿಮೆ; ಆ ಚೂರುಗಳಲ್ಲಿ ಹೆಚ್ಚಿನವು ಇಂದಿಗೂ ಆ ದಾಖಲೆಯ ಪುಟಗಳಲ್ಲೇ ಇವೆ.

ನೀನು ಓದುತ್ತಿರುವ ಹಳ್ಳಿಯ ಪಟ್ಟಿಯಲ್ಲಿ ಒಂದು ಮನೆಯ ಎಂಟು ಹೆಸರುಗಳನ್ನು ನಕಲು ಮಾಡಿಕೊಂಡಿರುವುದಾಗಿ ಬರೆದಿದ್ದೀಯೆ. ಅದರಲ್ಲಿ ಕೊನೆಯ ಎರಡು ಹೆಸರು ಆಳುಗಳದ್ದೇ ಆಗಿದ್ದರೆ, ಅವರಿಂದಲೇ ಆರಂಭಿಸು. ಅವರ ದೀಕ್ಷಾಸ್ನಾನ ಯಾವ ಊರಿನ ಪುಸ್ತಕದಲ್ಲಿದೆ, ಎಷ್ಟು ಮೈಲಿ ನಡೆದು ಆ ಮನೆಗೆ ಬಂದರು, ಮುಂದೆ ಯಾರಾದರೂ ಉಯಿಲಿನಲ್ಲಿ ಅವರನ್ನು ನೆನೆದರೇ ಎಂಬುದನ್ನು ಹುಡುಕಿ, ಸಿಕ್ಕಿದ್ದನ್ನು ಮುಂದಿನ ಕಾಗದದಲ್ಲಿ ನನಗೆ ತಿಳಿಸು. ನಿನ್ನಪ್ಪನೂ ಕಾಯುತ್ತಿರುತ್ತಾನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಅತ್ತೆ