‘ರಸ್ತೆ ಮುಚ್ಚಿ’ ಅಂತ ಬರೆದರೆ ಅರ್ಜಿ ಅಲ್ಲೇ ನಿಲ್ಲುತ್ತದೆ

ಮಾನ್ಯ ಸಂಪಾದಕರೇ,

ಮನೆ ಮುಂದಿನ ಸಣ್ಣ ರಸ್ತೆಯಲ್ಲಿ ಯಾರ್ಯಾರದೋ ವಾಹನಗಳು ನುಗ್ಗುತ್ತವೆ, ಮಕ್ಕಳನ್ನು ಹೊರಗೆ ಬಿಡಲು ಭಯವಾಗುತ್ತದೆ ಅನ್ನುವ ಪತ್ರಗಳು ನಿಮ್ಮಲ್ಲಿ ಆಗಾಗ ಬರುತ್ತವೆ. ನಮ್ಮ ರಸ್ತೆಯದೂ ಅದೇ ಕಥೆ. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ಒಂದು ತುದಿಯಲ್ಲಿ ಒಳಗೆ ಬಂದು ಇನ್ನೊಂದು ತುದಿಯಲ್ಲಿ ಹೊರಗೆ ಹೋಗುವವರೇ ಜಾಸ್ತಿ. ಇದನ್ನು ತಡೆಯಲು ನಾವು ಎರಡು ಸಲ ಅರ್ಜಿ ಕೊಟ್ಟೆವು. ಮೊದಲನೆಯದು ವಾಪಸ್ ಬಂತು, ಎರಡನೆಯದಕ್ಕೆ ಪ್ರಾಯೋಗಿಕ ಒಪ್ಪಿಗೆ ಸಿಕ್ಕಿತು. ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಅರ್ಜಿಯಲ್ಲಿ ನಾವು ಬರೆದದ್ದು ಇಷ್ಟೇ: ವಾಹನ ಜಾಸ್ತಿಯಾಗಿದೆ, ರಸ್ತೆ ಮುಚ್ಚಿ. ಕೆಳಗೆ ಸಾಲುಸಾಲು ಸಹಿ. ಅಧಿಕಾರಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ವಾಹನ? ಅದರಲ್ಲಿ ನಿಮ್ಮದೇ ಎಷ್ಟು? ಇಲ್ಲಿ ತಡೆದರೆ ಅವು ಯಾವ ರಸ್ತೆಗೆ ಹೋಗುತ್ತವೆ? ಒಂದಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆವತ್ತು ಬೇಜಾರಾಗಿತ್ತು, ಆದರೆ ಪ್ರಶ್ನೆಗಳು ಸರಿಯಾಗಿಯೇ ಇದ್ದವು.

ಹಾಗಾಗಿ ಮೊದಲು ಎಣಿಸಿ. ಸುಮ್ನೆ ವಾಹನ ಎಣಿಸಿದರೆ ಸಾಲದು, ಹಾದುಹೋಗುವವು ಎಷ್ಟು ಅಂತ ಗೊತ್ತಾಗಬೇಕು. ಅದಕ್ಕೆ ಯಂತ್ರ ಬೇಕಿಲ್ಲ. ರಸ್ತೆಯ ಎರಡೂ ತುದಿಯಲ್ಲಿ ಇಬ್ಬಿಬ್ಬರು ಕೂತು ನಂಬರ್ ಪ್ಲೇಟಿನ ಕೊನೆಯ ಅಂಕಿಗಳನ್ನೂ ಸಮಯವನ್ನೂ ಬರೆದುಕೊಳ್ಳಿ. ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು, ಒಬ್ಬರೇ ಎರಡೂ ಮಾಡಲು ಹೋದರೆ ಬೆಳಗಿನ ಗಡಿಬಿಡಿಯಲ್ಲಿ ಅರ್ಧ ತಪ್ಪಿಹೋಗುತ್ತದೆ. ಆಮೇಲೆ ಎರಡು ಪಟ್ಟಿ ಹೊಂದಿಸಿ ನೋಡಿ. ಒಂದು ಕಡೆ ಬಂದ ನಂಬರ್ ಎರಡು ಮೂರು ನಿಮಿಷದಲ್ಲಿ ಇನ್ನೊಂದು ಕಡೆ ಹೋಗಿದ್ದರೆ ಅದು ಎಲ್ಲೂ ನಿಲ್ಲದೆ ಹಾದುಹೋದ ವಾಹನ ಅಂತ ಲೆಕ್ಕ ಹಿಡಿಯಬಹುದು. ಮಾಮೂಲಿ ಕೆಲಸದ ದಿನ ಆರಿಸಿಕೊಳ್ಳಿ, ರಜೆ ಬೇಡ, ಜೋರು ಮಳೆಯ ದಿನವೂ ಬೇಡ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬೇಕು. ಲೆಕ್ಕ ಮುಗಿದ ಮೇಲೆ ನಂಬರ್ ಇರುವ ಹಾಳೆಗಳನ್ನು ಯಾರಿಗೂ ಹಂಚಬೇಡಿ, ಅರ್ಜಿಗೆ ಒಟ್ಟು ಲೆಕ್ಕ ಸಾಕು.

ನಮ್ಮ ಎಣಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ವಾಹನಗಳು ಹಾದುಹೋಗುವವೇ ಆಗಿದ್ದವು. ಉಳಿದವು ನಮ್ಮವು, ನಮ್ಮ ಮನೆಗೆ ಬರುವವರವು. ಅದು ಮೊದಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ತಡೆ ಹಾಕಿದರೂ ರಸ್ತೆ ಪೂರ್ತಿ ಖಾಲಿಯಾಗುವುದಿಲ್ಲ ಅಂತ ಎಲ್ಲರಿಗೂ ತಿಳಿಯಿತು.

ಇನ್ನು ಅರ್ಜಿಯ ಮಾತು. ‘ಮುಚ್ಚಿ’ ಅನ್ನುವ ಪದವನ್ನೇ ಬಿಟ್ಟುಬಿಡಿ. ಸಾರ್ವಜನಿಕ ರಸ್ತೆ ಯಾರೊಬ್ಬರದೂ ಅಲ್ಲ, ಅದರಲ್ಲಿ ನಡೆದು ಹೋಗುವ ಹಕ್ಕು ಎಲ್ಲರಿಗೂ ಇದೆ. ನಾವು ಎರಡನೇ ಸಲ ಹೀಗೆ ಬರೆದೆವು: ನಡೆಯುವವರು, ಸೈಕಲ್ಲಿನವರು ಮೊದಲಿನ ಹಾಗೇ ಓಡಾಡಲಿ, ಪ್ರತಿ ಮನೆಗೂ ಅಂಗಡಿಗೂ ಒಂದಲ್ಲ ಒಂದು ಕಡೆಯಿಂದ ವಾಹನ ಬರಲಿ, ಆದರೆ ಈ ತುದಿಯಿಂದ ಆ ತುದಿಗೆ ವಾಹನ ಸೀದಾ ಹಾಯುವುದು ಬೇಡ. ರಸ್ತೆಯ ಮಧ್ಯೆ ಒಂದು ಜಾಗದಲ್ಲಿ ಗೂಟ ನೆಟ್ಟರೆ ಇಷ್ಟೂ ಆಗುತ್ತದೆ. ನಾಲ್ಕು ರಸ್ತೆ ಸೇರುವ ಕಡೆ ಗೂಟಗಳನ್ನು ಕರ್ಣರೇಖೆಯಂತೆ ಓರೆಯಾಗಿ ನೆಟ್ಟರೆ ಎಲ್ಲ ವಾಹನವೂ ತಿರುಗಲೇಬೇಕು, ಸೀದಾ ದಾರಿ ಇರುವುದಿಲ್ಲ. ಅಗಲ ಕಡಿಮೆ ಇದ್ದರೆ ಎದುರುಬದುರಾದ ಏಕಮುಖ ಸಂಚಾರವೂ ಒಂದು ದಾರಿ, ಅಂದರೆ ರಸ್ತೆಯ ಉದ್ದದಲ್ಲಿ ಒಂದು ಭಾಗಕ್ಕೆ ಒಂದು ದಿಕ್ಕು, ಉಳಿದ ಭಾಗಕ್ಕೆ ಅದರ ಎದುರು ದಿಕ್ಕು.

ಅಗ್ನಿಶಾಮಕ, ಆಂಬ್ಯುಲೆನ್ಸ್, ಕಸದ ಗಾಡಿ, ಶಾಲಾ ಬಸ್ಸು, ಈ ನಾಲ್ಕನ್ನೂ ಅರ್ಜಿಯಲ್ಲೇ ಹೇಳಿಬಿಡಿ. ಬೀಗ ತೆಗೆದು ಮಡಚುವ ಗೂಟ ಹಾಕಿದರೆ ತುರ್ತು ವಾಹನ ಹೋಗುತ್ತದೆ, ಕೀಲಿ ಅವರ ಹತ್ತಿರ ಇರಬೇಕು. ಕಸದ ಗಾಡಿಗೆ ತಿರುಗಲು ಜಾಗ ಬೇಕು, ಇಲ್ಲದಿದ್ದರೆ ಉದ್ದಕ್ಕೂ ಹಿಂದಕ್ಕೇ ಬರಬೇಕಾಗುತ್ತದೆ, ಅದು ಮಕ್ಕಳಿರುವ ರಸ್ತೆಯಲ್ಲಿ ಇನ್ನೂ ಅಪಾಯ. ನಮ್ಮ ನಕ್ಷೆಯಲ್ಲಿ ಗೂಟದ ಜಾಗವನ್ನು ಇದೇ ಕಾರಣಕ್ಕೆ ಬದಲಾಯಿಸಿದೆವು.

ಎಲ್ಲಕ್ಕಿಂತ ಕಷ್ಟವಾಗಿದ್ದು ಪಕ್ಕದ ರಸ್ತೆಯವರ ಮಾತು. ‘ನಿಮ್ಮ ತೊಂದರೆಯನ್ನು ನಮ್ಮ ಮನೆ ಮುಂದೆ ತಂದು ಹಾಕುತ್ತೀರಾ?’ ಅಂತ ಅವರು ಕೇಳಿದ್ದರಲ್ಲಿ ತಪ್ಪೇನಿದೆ? ನಾವಾಗಿದ್ದರೂ ಕೇಳುತ್ತಿದ್ದೆವು. ಒಂದೇ ರಸ್ತೆಗೆ ತಡೆ ಕೇಳಿದರೆ ವಾಹನ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಅದಕ್ಕೇ ನೆದರ್ಲೆಂಡ್ಸ್‌ನ ಗ್ರೋನಿಂಗೆನ್ ನಗರ 1977ರಲ್ಲಿ ಒಂದೊಂದೇ ರಸ್ತೆ ಹಿಡಿಯದೆ ಊರಿನ ಮಧ್ಯಭಾಗವನ್ನೇ ನಾಲ್ಕು ಪಾಲು ಮಾಡಿತು. ಒಂದು ಪಾಲಿನಿಂದ ಇನ್ನೊಂದಕ್ಕೆ ಕಾರು ನೇರ ಹೋಗುವಂತಿರಲಿಲ್ಲ, ಹೊರಗಿನ ದೊಡ್ಡ ರಸ್ತೆ ಸುತ್ತಿಯೇ ಬರಬೇಕಿತ್ತು. ಬೆಲ್ಜಿಯಂನ ಗೆಂಟ್ ನಗರ 2017ರಲ್ಲಿ ಇದೇ ಥರ ಮಾಡಿತು. ನಾವೂ ಪಕ್ಕದ ಎರಡು ರಸ್ತೆಗಳನ್ನು ಅರ್ಜಿಗೆ ಸೇರಿಸಿಕೊಂಡೆವು, ಅಲ್ಲಿಯೂ ಎಣಿಸಿದೆವು. ವಿರೋಧಿಸಿದವರೇ ಕೊನೆಗೆ ಎಣಿಕೆಗೆ ಕೂತರು.

ತಡೆದ ವಾಹನವೆಲ್ಲ ಹಾಗೆ ಹಾಗೇ ಬೇರೆ ಕಡೆ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. 11 ದೇಶಗಳ 70ಕ್ಕೂ ಹೆಚ್ಚು ಉದಾಹರಣೆಗಳನ್ನು ನೋಡಿ ಬ್ರಿಟನ್ನಿನ ಸಂಶೋಧಕರು 2002ರಲ್ಲಿ ಒಂದು ವರದಿ ಬರೆದರು. ವಾಹನಗಳಿಗೆ ಜಾಗ ಕಡಿಮೆ ಮಾಡಿದ ಹಲವು ಕಡೆ ಒಂದಷ್ಟು ಸಂಚಾರ ಇಲ್ಲವೇ ಆಯಿತು ಅಂತ ಅವರು ಕಂಡುಕೊಂಡರು. ಜನ ಹೊತ್ತು ಬದಲಾಯಿಸುತ್ತಾರೆ, ಎರಡು ಓಡಾಟವನ್ನು ಒಂದು ಮಾಡುತ್ತಾರೆ, ಹತ್ತಿರವಾದರೆ ನಡೆದೇ ಹೋಗುತ್ತಾರೆ.

ನೆರೆಯವರನ್ನು ಒಪ್ಪಿಸಲು ನನಗೆ ಹೆಚ್ಚು ನೆರವಾಗಿದ್ದು ಮಾತ್ರ ಇನ್ನೊಂದು ಅಧ್ಯಯನ. ಡೊನಾಲ್ಡ್ ಆಪಲ್ಯಾರ್ಡ್ ಅನ್ನುವ ನಗರ ವಿನ್ಯಾಸ ತಜ್ಞರು 1969ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಥರದ ಮೂರು ರಸ್ತೆಗಳನ್ನು ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ವಾಹನ ಕಡಿಮೆ ಇದ್ದ ರಸ್ತೆಯವರಿಗೆ ಅದೇ ರಸ್ತೆಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರು, ಜಾಸ್ತಿ ಇದ್ದ ಕಡೆ ಒಬ್ಬರೂ ಪೂರ್ತಿ ಇರಲಿಲ್ಲ, 0.9 ಮಾತ್ರ. ಎದುರು ಮನೆಯವರ ಹೆಸರು ನಮಗೆ ಯಾಕೆ ಗೊತ್ತಿರಲಿಲ್ಲ ಅಂತ ಇದನ್ನು ಓದಿದ ದಿನ ತುಂಬಾ ಹೊತ್ತು ಯೋಚಿಸಿದೆ. ಆಪಲ್ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರು ಡಿಕ್ಕಿ ಹೊಡೆದು ತೀರಿಕೊಂಡರು.

ಸಹಿ ಸಂಗ್ರಹಿಸುವಾಗ ಮನೆಗೊಂದು ಸಹಿ ಸಾಕು, ಆದರೆ ಬಾಡಿಗೆಯವರನ್ನೂ ಅಂಗಡಿಯವರನ್ನೂ ಬಿಡಬೇಡಿ. ಬೇಡ ಅಂದವರ ಕಾರಣವನ್ನೂ ಅರ್ಜಿಗೆ ಲಗತ್ತಿಸಿ. ನಡೆಯಲು ಆಗದೆ ವಾಹನವನ್ನೇ ನಂಬಿದ ಹಿರಿಯರೊಬ್ಬರು ಸುತ್ತು ಜಾಸ್ತಿಯಾಗುತ್ತದೆ ಅಂದರು, ಅವರ ಮಾತಿಗೆ ಬೆಲೆ ಕೊಡಲೇಬೇಕಿತ್ತು.

ಯಾರೇ ಆಗಲಿ ಸಿಟ್ಟಿಗೆ ತಾವೇ ಕಲ್ಲು ಇಡುವುದು, ಗೇಟು ಹಾಕುವುದು ಮಾಡಬೇಡಿ. ಅದು ತಪ್ಪೂ ಹೌದು, ರಾತ್ರಿ ಬರುವ ಆಂಬ್ಯುಲೆನ್ಸಿಗೆ ಅಪಾಯವೂ ಹೌದು. ಅನುಮತಿ ಸರಿಯಾದ ಕಡೆಯಿಂದಲೇ ಬರಬೇಕು. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಅನ್ನುವ ಪಟ್ಟಣದ ಆಡಳಿತ, ಮೊಬೈಲ್ ನಕ್ಷೆ ನೋಡಿಕೊಂಡು ನುಗ್ಗುವ ವಾಹನಗಳಿಂದ ಬೇಸತ್ತು 2018ರಲ್ಲಿ ಸುಮಾರು 60 ರಸ್ತೆಗಳನ್ನು ಬೆಳಿಗ್ಗೆ ಸಂಜೆ ಹೊರಗಿನವರಿಗೆ ಮುಚ್ಚಿತು. ರಾಜ್ಯದ ಸಾರಿಗೆ ಇಲಾಖೆಯ ಒಪ್ಪಿಗೆ ಇಲ್ಲ ಅಂತ ಅದೇ ವರ್ಷ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪಟ್ಟಣದ ಆಡಳಿತಕ್ಕೇ ಹಾಗಾದರೆ ನಮ್ಮಂಥವರ ಗತಿ ಏನು, ಅಲ್ವಾ? ರಸ್ತೆ ಯಾರ ಸುಪರ್ದಿಯಲ್ಲಿದೆ, ಸಂಚಾರದ ಆದೇಶ ಹೊರಡಿಸುವವರು ಯಾರು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಬೇರೆಬೇರೆಯವರಾದರೆ ಇಬ್ಬರಿಗೂ ಒಂದೇ ದಿನ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಕೊನೆಯದಾಗಿ, ಶಾಶ್ವತ ತಡೆ ಕೇಳಬೇಡಿ, ಕೆಲವು ತಿಂಗಳ ಪ್ರಯೋಗ ಕೇಳಿ. ತೆಗೆಯಬಹುದಾದ ಗೂಟಕ್ಕೆ ಒಪ್ಪಲು ಅಧಿಕಾರಿಗೂ ಧೈರ್ಯ ಬರುತ್ತದೆ. ಮೊದಲ ಕೆಲವು ವಾರ ಗೊಂದಲ ಇದ್ದೇ ಇರುತ್ತದೆ, ಹಳೇ ಅಭ್ಯಾಸದವರು ಬಂದು ತಿರುಗಿ ಹೋಗುತ್ತಾರೆ, ಆ ವಾರಗಳನ್ನು ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ನಮ್ಮ ಪ್ರಯೋಗ ಇನ್ನೂ ನಡೆಯುತ್ತಿದೆ. ಮುಂದಿನ ತಿಂಗಳು ಅದೇ ಮೂರು ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಮತ್ತೆ ಎಣಿಸಲು ಕೂರುತ್ತೇವೆ. ಪಕ್ಕದ ರಸ್ತೆಯಲ್ಲಿ ವಾಹನ ಹೆಚ್ಚಾಗಿದ್ದರೆ ಗೂಟದ ಜಾಗ ಬದಲಾಯಿಸಲು ನಮ್ಮ ಒಪ್ಪಿಗೆ ಇದೆ ಅಂತ ಅಲ್ಲಿಯವರಿಗೆ ಬರೆದು ಕೊಟ್ಟಿದ್ದೇವೆ.

ಇಂತಿ,
ನಿಮ್ಮ ಓದುಗ